ಥ್ಯಾಂಕ್ಸ್‌ಗಿವಿಂಗ್‌ಗೆ ಎಷ್ಟು ಪೌಂಡಿನ ಟರ್ಕಿ ಕೋಳಿ ತರಬೇಕು? 17 ಜನ, ಅದರಲ್ಲಿ 6 ಮಂದಿ ಸಸ್ಯಾಹಾರಿಗಳು

ರಾಗಿಮುದ್ದೆ, ಡಲ್ಲಾಸ್

ಎಲ್ಲರಿಗೂ ನಮಸ್ಕಾರ. ಈ ಸಲ ಥ್ಯಾಂಕ್ಸ್‌ಗಿವಿಂಗ್ ಊಟ ನಮ್ಮ ಮನೆಯಲ್ಲಿ. ಇಷ್ಟು ವರ್ಷ ಬೇರೆಯವರ ಮನೆಗೆ ಚಿತ್ರಾನ್ನವನ್ನೋ ಪಾಯಸವನ್ನೋ ತೆಗೆದುಕೊಂಡು ಹೋಗುತ್ತಿದ್ದೆವು. ಇಡೀ ಟರ್ಕಿ ಮಾಡುವುದು ನನಗೆ ಇದೇ ಮೊದಲು.

ಒಟ್ಟು 17 ಜನ. 6 ಮಂದಿ ಸಸ್ಯಾಹಾರಿಗಳು, ಮೂವರು ಚಿಕ್ಕ ಮಕ್ಕಳು, ಉಳಿದ 8 ಮಂದಿ ಮಾಂಸ ತಿನ್ನುವ ದೊಡ್ಡವರು. ಊರಿಂದ ಬಂದಿರುವ ನಮ್ಮ ಮಾವನವರೂ ಈ 8ರಲ್ಲಿ ಸೇರಿದ್ದಾರೆ. ಅವರಿಗೆ ನಾಟಿಕೋಳಿ ಸಾರು, ಮುದ್ದೆ ಬಿಟ್ಟರೆ ಬೇರೆ ಯಾವುದೂ ಅಷ್ಟಾಗಿ ಹಿಡಿಸುವುದಿಲ್ಲ.

ಪಕ್ಕದ ಮನೆಯ ಅಮೆರಿಕನ್ ಅಜ್ಜಿ 20 ಪೌಂಡಿನದೇ ತಗೋ ಅನ್ನುತ್ತಾರೆ. ನಮ್ಮ ಯಜಮಾನರು 10 ಪೌಂಡ್ ಸಾಕು ಅನ್ನುತ್ತಾರೆ. ಅಂಗಡಿಯ ಫ್ರೀಜರಿನಲ್ಲಿ 10ರಿಂದ 24 ಪೌಂಡಿನವರೆಗೆ ಎಲ್ಲ ಸೈಜೂ ಇದೆ. ನಮ್ಮದು ಅಪಾರ್ಟ್‌ಮೆಂಟ್. ಒಂದೇ ಓವನ್, ಒಂದೇ ಫ್ರಿಜ್. ಕಡಿಮೆ ಬಿದ್ದರೆ ಮರ್ಯಾದೆ ಪ್ರಶ್ನೆ, ಜಾಸ್ತಿಯಾದರೆ ವಾರವೆಲ್ಲ ಅದನ್ನೇ ತಿನ್ನಬೇಕು. ಮಾಡಿ ಗೊತ್ತಿರುವವರು ಹೇಳಿ, ಎಷ್ಟು ಪೌಂಡ್ ತರಲಿ?

ಹಾಸನದ ಆಲೂಗಡ್ಡೆ, ಮಿನಿಯಾಪೊಲಿಸ್

ರಾಗಿಮುದ್ದೆ ಅವರೇ, 17 ಅನ್ನುವ ಸಂಖ್ಯೆಯನ್ನು ಮೊದಲು ಪಕ್ಕಕ್ಕಿಡಿ. ಅಜ್ಜಿ ಹೇಳಿದ್ದು ಅವರ ಮನೆಯ ಲೆಕ್ಕಕ್ಕೆ ಸರಿ. ಅಲ್ಲಿ 17 ಜನ ಕೂತರೆ ಹೆಚ್ಚುಕಡಿಮೆ ಎಲ್ಲರೂ ಟರ್ಕಿ ತಿನ್ನುತ್ತಾರೆ, ತಟ್ಟೆಯಲ್ಲಿ ಅದೇ ಮುಖ್ಯ. ನಮ್ಮವರ ಮನೆಯಲ್ಲಿ ಟರ್ಕಿ ಪಕ್ಕದಲ್ಲೇ ಮಟನ್ ಬಿರಿಯಾನಿ ಇರುತ್ತದೆ, ಕಬಾಬ್ ಇರುತ್ತದೆ, ಪುಳಿಯೋಗರೆ ಇರುತ್ತದೆ. ಟರ್ಕಿಯನ್ನು ಎಲ್ಲರೂ ಎರಡು ಮೂರು ಚೂರು ಹಾಕಿಕೊಂಡು ಬಿರಿಯಾನಿ ಕಡೆ ಹೋಗುತ್ತಾರೆ.

ಇಲ್ಲಿನ ಸಾಮಾನ್ಯ ಲೆಕ್ಕ ತಲೆಗೆ 1ರಿಂದ ಒಂದೂವರೆ ಪೌಂಡ್. ಅಮೆರಿಕದ ಕೃಷಿ ಇಲಾಖೆ ಹೇಳುವುದು ತಲೆಗೆ 1 ಪೌಂಡ್. ಇದು ಹಸಿ ಹಕ್ಕಿಯ ತೂಕ, ಮೂಳೆ ಸಮೇತ. ಹೊಟ್ಟೆಯೊಳಗೆ ಚೀಲದಲ್ಲಿ ಇಟ್ಟಿರುವ ಕತ್ತು, ಗುಂಡಿಗೆ, ಲಿವರ್ ಎಲ್ಲ ಆ ತೂಕದಲ್ಲೇ ಬರುತ್ತದೆ. ಬೇಯುವಾಗ ನೀರು ಮತ್ತು ಕೊಬ್ಬು ಇಳಿಯುತ್ತದೆ. ಮೂಳೆ ಬಿಡಿಸಿದ ಮೇಲೆ ಕೈಗೆ ಸಿಗುವ ಮಾಂಸ ಸುಮಾರು ಅರ್ಧ, ಕೆಲವೊಮ್ಮೆ ಇನ್ನೂ ಕಡಿಮೆ. ಅದಕ್ಕೇ ತಲೆಗೆ 1 ಪೌಂಡ್ ಅಂದರೆ ಜಾಸ್ತಿ ಅನ್ನಿಸಿದರೂ ಜಾಸ್ತಿಯಲ್ಲ.

ನಿಮ್ಮ ಮನೆಗೆ ಹೀಗೆ ಲೆಕ್ಕ ಹಾಕಿ. ದೊಡ್ಡವರು 8, ತಲೆಗೆ ಒಂದೂಕಾಲು ಪೌಂಡಿನಂತೆ 10. ಮಕ್ಕಳು 3, ತಲೆಗೆ ಅರ್ಧ ಪೌಂಡಿನಂತೆ ಒಂದೂವರೆ. ಒಟ್ಟು ಹನ್ನೊಂದೂವರೆ. 12 ಪೌಂಡಿನ ಹಕ್ಕಿ ತನ್ನಿ, ಅಂದರೆ ಸುಮಾರು ಐದೂವರೆ ಕೆಜಿ. ಮಾರನೇ ದಿನಕ್ಕೂ ಬೇಕೇ ಬೇಕು ಅಂದರೆ 14. ಅದರ ಮೇಲೆ ಹೋಗಬೇಡಿ.

ಬೆಳಗಾವಿ ಕುಂದಾ, ಹ್ಯೂಸ್ಟನ್

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲರೀ. ನವೆಂಬರಿನಲ್ಲಿ ಫ್ರೋಜನ್ ಟರ್ಕಿಯಷ್ಟು ಅಗ್ಗದ ಮಾಂಸ ವರ್ಷದಲ್ಲಿ ಮತ್ತೆ ಸಿಗುವುದಿಲ್ಲ. ಗಿರಾಕಿಗಳು ಬರಲಿ ಅಂತ ಅಂಗಡಿಯವರು ನಷ್ಟಕ್ಕೇ ಮಾರುತ್ತಾರೆ. ಇಷ್ಟು ಡಾಲರ್ ಸಾಮಾನು ತಗೊಂಡರೆ ಟರ್ಕಿ ಪುಕ್ಕಟೆ ಅನ್ನುವ ಅಂಗಡಿಗಳೂ ಇವೆ. ಅಂಥ ಹೊತ್ತಿನಲ್ಲಿ ಅಳೆದು ಸುರಿದು 12 ಪೌಂಡ್ ಯಾಕೆ ತರಬೇಕು?

ಇನ್ನೊಂದು ಮಾತು. ಹಕ್ಕಿ ದೊಡ್ಡದಾದಷ್ಟೂ ಮೂಳೆಗೆ ಹೋಲಿಸಿದರೆ ಮಾಂಸ ಜಾಸ್ತಿ. 10 ಪೌಂಡಿನ ಹಕ್ಕಿಯಲ್ಲಿ ಎಲುಬೇ ಎದ್ದು ಕಾಣುತ್ತದೆ. ನಮ್ಮ ಕಡೆ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಇಲ್ಲ. ಡಬ್ಬಿ ಕಟ್ಟಿ ಕೊಡುವುದಕ್ಕೆ ಏನಾದರೂ ಮಿಗಬೇಕಲ್ವಾ? ನನ್ನ ಲೆಕ್ಕ 16, 18 ಪೌಂಡ್.

ಹಾಸನದ ಆಲೂಗಡ್ಡೆ, ಮಿನಿಯಾಪೊಲಿಸ್

ಕುಂದಾ ಅವರೇ, ಮೂಳೆ ಮಾಂಸದ ಮಾತು ನಿಜ. ಅದಕ್ಕೇ ಅವರ ಯಜಮಾನರು ಹೇಳಿದ 10ಕ್ಕಿಂತ 12 ಮೇಲು ಅಂತ ನನ್ನ ಅಭಿಪ್ರಾಯ. ಬೆಲೆಯ ಮಾತೂ ನಿಜ. ನಿಮ್ಮ ಮನೆಯಲ್ಲಿ ಗ್ಯಾರೇಜಿನಲ್ಲಿ ಇನ್ನೊಂದು ಫ್ರಿಜ್ ಇರಬಹುದು, ಎರಡು ಓವನ್ ಇರಬಹುದು. ಇವರದು ಅಪಾರ್ಟ್‌ಮೆಂಟ್ ಅಡುಗೆಮನೆ. ಅಲ್ಲಿ ಟರ್ಕಿಯ ಸೈಜನ್ನು ತೀರ್ಮಾನ ಮಾಡುವುದು ನೆಂಟರಿಗಿಂತ ಮೊದಲು ಫ್ರಿಜ್, ಆಮೇಲೆ ಓವನ್.

ಫ್ರಿಜ್ಜಿನಲ್ಲಿ ಐಸ್ ಬಿಡುವುದಕ್ಕೆ ಪ್ರತಿ 4, 5 ಪೌಂಡಿಗೆ ಒಂದು ಪೂರ್ತಿ ದಿನ ಬೇಕು. 12 ಪೌಂಡಿಗೆ ಮೂರು ದಿನ, 20 ಪೌಂಡಿಗೆ ನಾಲ್ಕರಿಂದ ಐದು ದಿನ. ಅಷ್ಟು ದಿನ ಕೆಳಗಿನ ಇಡೀ ಶೆಲ್ಫ್ ಅದಕ್ಕೇ ಹೋಯಿತು. ದೋಸೆ ಹಿಟ್ಟು, ಹಾಲು, ಮೊಸರು, ಹಬ್ಬದ ತರಕಾರಿ ಎಲ್ಲಿಡುತ್ತಾರೆ?

ಓವನ್ ಕೂಡ ಹಾಗೆಯೇ. ಒಳಗೆ ಏನೂ ತುಂಬದ 12ರಿಂದ 14 ಪೌಂಡಿನ ಹಕ್ಕಿ 325 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಮೂರರಿಂದ ಮೂರೂಮುಕ್ಕಾಲು ಗಂಟೆ ಬೇಯುತ್ತದೆ. 20ರಿಂದ 24 ಪೌಂಡಿನದು ನಾಲ್ಕೂವರೆಯಿಂದ ಐದು ಗಂಟೆ. ಅಷ್ಟೂ ಹೊತ್ತು ಆ ಓವನ್ನಿನಲ್ಲಿ ಬೇರೆ ಏನೂ ಬೇಯುವುದಿಲ್ಲ.

ಎತ್ತುವುದೂ ಇದೆ. ಬೆಂದ 20 ಪೌಂಡಿನ ಹಕ್ಕಿ, ಅದರ ಕೆಳಗೆ ಎರಡು ಬೆರಳು ಆಳದ ಕುದಿಯುವ ಕೊಬ್ಬು, ಅಂಗಡಿಯಿಂದ ತಂದ ತೆಳ್ಳನೆಯ ಅಲ್ಯೂಮಿನಿಯಂ ಟ್ರೇ. ಎರಡು ಕಡೆ ಹಿಡಿದು ಎತ್ತಿದ ಕೂಡಲೇ ನಡುವೆ ಜೋಲುತ್ತದೆ, ಕೊಬ್ಬು ಒಂದು ಮೂಲೆಗೆ ಓಡುತ್ತದೆ. ಮಕ್ಕಳು ಓಡಾಡುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಆ ಟ್ರೇ ಬಳಸುವುದಾದರೆ 12 ಪೌಂಡಿಗೂ ಕೆಳಗೆ ಗಟ್ಟಿ ಬೇಕಿಂಗ್ ಶೀಟ್ ಇಟ್ಟೇ ಬಳಸಿ.

ಮಲೆನಾಡ ಮಳೆ, ಸನ್ನಿವೇಲ್

ನಾನು ಸಸ್ಯಾಹಾರಿ. ಆದರೂ ಬರೆಯುತ್ತಿದ್ದೇನೆ, ಯಾಕಂದರೆ ಆ 6 ಮಂದಿಯ ಊಟಕ್ಕೂ ಟರ್ಕಿಯ ಸೈಜಿಗೂ ನೇರ ಸಂಬಂಧ ಇದೆ.

ದೊಡ್ಡ ಹಕ್ಕಿ ಓವನ್ನಿನಲ್ಲಿ ಐದು ಗಂಟೆ ಕೂತರೆ ನಮ್ಮ ಪಾಲಿನ ಬೇಕ್ ಮಾಡುವ ಅಡುಗೆಗೆ ಜಾಗವಿಲ್ಲ. ಟರ್ಕಿ ಕೆಳಗಿನ ರ್‍ಯಾಕಿನಲ್ಲಿ ತರಕಾರಿ ಇಡುವುದು ಬೇಡವೇ ಬೇಡ, ಕೊಬ್ಬು ಸಿಡಿಯುತ್ತದೆ. ಕೊನೆಗೆ ಸಸ್ಯಾಹಾರಿಗಳಿಗೆ ತಣ್ಣಗಿನ ಅನ್ನ, ಸಲಾಡ್ ಉಳಿಯುತ್ತದೆ. ಹಕ್ಕಿ ಚಿಕ್ಕದಾದರೆ ಬೆಳಿಗ್ಗೆ ಮೊದಲು ಓವನ್ನಿನಲ್ಲಿ ನಮ್ಮ ತರಕಾರಿ ಆಗುತ್ತದೆ, ಆಮೇಲೆ ಟರ್ಕಿ. ಓವನ್ ಸ್ವಚ್ಛವಾಗಿರುವಾಗಲೇ ನಮ್ಮದು ಮುಗಿದಿದೆ ಅಂತ ಗೊತ್ತಾದರೆ ಹಿರಿಯರು ಸಮಾಧಾನದಿಂದ ಊಟ ಮಾಡುತ್ತಾರೆ.

ಇನ್ನೂ ಕೆಲವು ವಿಷಯ ಹೇಳಿಬಿಡುತ್ತೇನೆ. ಸಿಹಿಗೆಣಸಿನ ಮೇಲೆ ಹಾಕುವ ಮಾರ್ಷ್‌ಮೆಲ್ಲೋದಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಜನ್ಯ. ಡಬ್ಬಿಯ ಸ್ಟಫಿಂಗ್ (ಹಕ್ಕಿಯ ಹೊಟ್ಟೆಗೆ ತುಂಬುವ ಬ್ರೆಡ್ ಮಸಾಲೆ) ಮಿಕ್ಸ್‌ಗಳಲ್ಲಿ ಚಿಕನ್ ಸೇರಿರುವುದು ಸಾಮಾನ್ಯ. ಗ್ರೇವಿಯಂತೂ ಟರ್ಕಿಯ ಕೊಬ್ಬಿನಿಂದಲೇ ಮಾಡುವುದು. ಆಲೂಗಡ್ಡೆ ಮ್ಯಾಶ್ ಮೇಲೆ ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಗ್ರೇವಿ ಸುರಿದುಬಿಡುತ್ತಾರೆ. ಅಡುಗೆಗೊಂದು ಚೀಟಿ ಬರೆದು ಇಡಿ. ಸಸ್ಯಾಹಾರಿಗಳ ಸೌಟು, ಪಾತ್ರೆ ಬೇರೆ ಮೇಜಿನ ಮೇಲಿರಲಿ. ಅತಿಥಿಯಾಗಿ ಹೋದಾಗ ಇದೆಲ್ಲ ಕೇಳುವುದಕ್ಕೆ ನಮಗೆ ಸಂಕೋಚ ಆಗುತ್ತದೆ. ಕೇಳದೆಯೇ ಮಾಡಿದವರ ಮನೆಯನ್ನು ನಾವು ಮರೆಯುವುದಿಲ್ಲ.

ಕೊಡಗಿನ ಕಾಫಿ, ಡೆನ್ವರ್

ಮಳೆ ಅವರು ಹೇಳಿದ್ದು ಬಹಳ ಸರಿ.

ರಾಗಿಮುದ್ದೆ ಅಕ್ಕ, ಸೈಜ್ ವಿಷಯದಲ್ಲಿ ನಾನು ಇನ್ನೊಂದು ಲೆಕ್ಕ ಸೇರಿಸುತ್ತೇನೆ: ಲೆಗ್ ಪೀಸ್. ಟರ್ಕಿಯಲ್ಲಿ ಜಾಸ್ತಿ ಇರುವುದು ಎದೆಯ ಬಿಳಿ ಮಾಂಸ. ಇಲ್ಲಿನ ಜನಕ್ಕೆ ಅದೇ ಇಷ್ಟ ಅಂತ ಎದೆ ಅಗಲವಾಗಿ ಬೆಳೆಯುವ ಬಿಳಿ ತಳಿಯನ್ನೇ ಸಾಕುತ್ತಾರೆ. ನಮ್ಮವರು ಕೈ ಹಾಕುವುದು ಕಾಲು, ತೊಡೆಗೆ. 20 ಪೌಂಡಿನದು ತಂದರೂ ಕಾಲು ಎರಡೇ. ದೊಡ್ಡದು ತಂದು ನೀವು ಜಾಸ್ತಿ ಮಾಡಿಕೊಳ್ಳುವುದು ಯಾರೂ ಎರಡನೇ ಸಲ ಹಾಕಿಕೊಳ್ಳದ ಎದೆ ಮಾಂಸವನ್ನು.

ಅದರ ಬದಲು 12 ಪೌಂಡಿನ ಇಡೀ ಹಕ್ಕಿ ಒಂದು ತನ್ನಿ, ಜೊತೆಗೆ ಟರ್ಕಿ ಲೆಗ್ ಅಥವಾ ತೊಡೆಯ ಪ್ಯಾಕ್ ಒಂದು ತನ್ನಿ. ಅದು ಬೇರೆಯಾಗಿಯೇ ಸಿಗುತ್ತದೆ. ಆ ತೊಡೆಗಳನ್ನು ತುಂಡು ಮಾಡಿಸಿ ಹಿಂದಿನ ದಿನವೇ ಒಲೆಯ ಮೇಲೆ ಸಾರು ಮಾಡಿಬಿಡಿ. ನಿಮ್ಮ ಮಾವನವರಿಗೆ ಮುದ್ದೆ ಜೊತೆ ಅದನ್ನು ಬಡಿಸಿ. ಟರ್ಕಿ ತೊಡೆ ನಾಟಿಕೋಳಿ ಹಾಗೆಯೇ ಗಟ್ಟಿ, ನಿಧಾನವಾಗಿ ಬೆಂದಷ್ಟೂ ರುಚಿ ಬಿಡುತ್ತದೆ. ಮಸಾಲೆಯನ್ನೂ ಚೆನ್ನಾಗಿ ಹಿಡಿಯುತ್ತದೆ.

ಇಡೀ ಹಕ್ಕಿಯನ್ನು ಮೇಜಿನ ಮೇಲೆ ಇಡುವ ಆಸೆ ಇಲ್ಲದಿದ್ದರೆ ಬೆನ್ನುಮೂಳೆಯ ಎರಡೂ ಕಡೆ ಗಟ್ಟಿ ಕತ್ತರಿಯಿಂದ ಕತ್ತರಿಸಿ, ಮೂಳೆ ತೆಗೆದು, ಎದೆಯ ಮೇಲೆ ಅಂಗೈ ಊರಿ ಒತ್ತಿ. ಲಟಕ್ ಅಂತ ಸದ್ದಾಗಿ ಹಕ್ಕಿ ಚಪ್ಪಟೆಯಾಗುತ್ತದೆ. 425 ಡಿಗ್ರಿಯಲ್ಲಿ 12 ಪೌಂಡಿನದು ಸುಮಾರು ಒಂದೂವರೆ ಗಂಟೆಗೆ ಬೇಯುತ್ತದೆ. ಕಾಲು, ಎದೆ ಎರಡೂ ಒಟ್ಟಿಗೆ ಹದಕ್ಕೆ ಬರುತ್ತವೆ, ಚರ್ಮ ಎಲ್ಲ ಕಡೆ ಗರಿಗರಿ. ಆದರೆ ಇದಕ್ಕೂ ಸೈಜಿನ ಮಿತಿ ಇದೆ. ಮನೆಯಲ್ಲಿ ಬಳಸುವ 18 ಇಂಚು ಉದ್ದ, 13 ಇಂಚು ಅಗಲದ ಟ್ರೇಯಲ್ಲಿ 14 ಪೌಂಡಿಗಿಂತ ದೊಡ್ಡದು ಚಪ್ಪಟೆಯಾಗಿ ಕೂರುವುದು ಕಷ್ಟ. ನಾನು ಕರಿಮೆಣಸು, ಹುರಿದ ಜೀರಿಗೆ ಪುಡಿ, ಸ್ವಲ್ಪ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಹಚ್ಚುತ್ತೇನೆ. ನಮ್ಮ ಮನೆಗೆ ಬಂದವರು ಬಿರಿಯಾನಿ ಬಿಟ್ಟು ಅದನ್ನೇ ಕೇಳುತ್ತಾರೆ.

ರಾಗಿಮುದ್ದೆ, ಡಲ್ಲಾಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತೊಡೆ ಸಾರಿನ ವಿಷಯ ಕೇಳಿ ಮಾವನವರಿಗೆ ಖುಷಿ ಆಯಿತು. ಮುದ್ದೆಗೆ ಹಿಟ್ಟು ಇದೆಯಾ ಅಂತ ಆಗಲೇ ವಿಚಾರಿಸಿದರು.

ಇನ್ನೆರಡು ಪ್ರಶ್ನೆ. ಅಂಗಡಿಯಲ್ಲಿ ಕೆಲವದರ ಮೇಲೆ ಹೆನ್, ಕೆಲವದರ ಮೇಲೆ ಟಾಮ್ ಅಂತ ಬರೆದಿದೆ. ಯಾವುದು ಮೆತ್ತಗೆ? ಮತ್ತೆ ಫ್ರೆಶ್ ತಗೊಳ್ಳುವುದೋ ಫ್ರೋಜನ್ನೋ?

ಹಾಸನದ ಆಲೂಗಡ್ಡೆ, ಮಿನಿಯಾಪೊಲಿಸ್

ಹೆನ್ ಹೆಣ್ಣು, ಟಾಮ್ ಗಂಡು. ಹೆಣ್ಣು ಸಾಮಾನ್ಯವಾಗಿ 8ರಿಂದ 16 ಪೌಂಡ್, ಅದಕ್ಕಿಂತ ದೊಡ್ಡವು ಗಂಡು. ಮೆತ್ತಗಿನ ವಿಷಯದಲ್ಲಿ ವ್ಯತ್ಯಾಸವಿಲ್ಲ. ಊರಲ್ಲಿ ಹುಂಜ ಬಲಿತರೆ ಗಟ್ಟಿ ಅನ್ನುತ್ತೇವೆ. ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಎರಡನ್ನೂ ಎಳೆಯ ವಯಸ್ಸಿನಲ್ಲೇ ಕಡಿಯುತ್ತಾರೆ. 12 ಪೌಂಡ್ ಹುಡುಕಿದರೆ ನಿಮಗೆ ಸಿಗುವುದು ಹೆಣ್ಣೇ.

ಫ್ರೆಶ್ ಅಂದರೆ 26 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ತಣ್ಣಗೆ ಮಾಡಿಲ್ಲದ್ದು. ಐಸ್ ಬಿಡಿಸುವ ಕೆಲಸ ಇಲ್ಲ. ಬೆಲೆ ಜಾಸ್ತಿ, ಮತ್ತು ಊಟಕ್ಕೆ ಒಂದೆರಡು ದಿನ ಮೊದಲಷ್ಟೇ ತರಬೇಕು. ಅಷ್ಟು ಹೊತ್ತಿಗೆ ನಿಮಗೆ ಬೇಕಾದ ಸೈಜ್ ಮುಗಿದುಹೋಗಿರಬಹುದು. ಚಿಕ್ಕವು ಮೊದಲು ಖಾಲಿಯಾಗುತ್ತವೆ, ಕೊನೆಗೆ 20ರ ಮೇಲಿನವೇ ಉಳಿಯುತ್ತವೆ. ಫ್ರೋಜನ್ ಆದರೆ ಇವತ್ತೇ ಹೋಗಿ 12ರದ್ದು ಹುಡುಕಿ ತಂದು ಫ್ರೀಜರಿಗೆ ಹಾಕಿಬಿಡಿ.

ಲೇಬಲ್ ಓದಿ. ಸಣ್ಣ ಅಕ್ಷರದಲ್ಲಿ ಇಷ್ಟು ಪರ್ಸೆಂಟ್ ಉಪ್ಪುನೀರು ಸೇರಿಸಿದೆ ಅಂತ ಇರುತ್ತದೆ. ಸೆಲ್ಫ್ ಬೇಸ್ಟಿಂಗ್ ಅಂದರೂ ಅದೇ. ಅಂಥದ್ದಕ್ಕೆ ಮತ್ತೆ ಉಪ್ಪು ಹಚ್ಚಿ ನೆನೆಸಬೇಡಿ, ತಿನ್ನಲಾಗದಷ್ಟು ಉಪ್ಪಾಗುತ್ತದೆ. ಏನೂ ಸೇರಿಸಿಲ್ಲದ ಹಕ್ಕಿಯಾದರೆ 5 ಪೌಂಡಿಗೆ 1 ಟೇಬಲ್ ಸ್ಪೂನ್ ಕೋಷರ್ ಉಪ್ಪು (ದಪ್ಪ ಹರಳಿನ ಉಪ್ಪು) ಹಚ್ಚಿ ಒಂದೆರಡು ರಾತ್ರಿ ಫ್ರಿಜ್ಜಿನಲ್ಲಿಡಿ. ಎದೆ ಮಾಂಸ ಒಣಗದಿರುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಬಯಲುಸೀಮೆ ಬಿಸಿಲು, ಮಿನಿಯಾಪೊಲಿಸ್

ಆಲೂಗಡ್ಡೆ ಅಣ್ಣ, ನಾನೂ ನಿಮ್ಮ ಊರಿನವನೇ. ನಮ್ಮ ಫ್ರಿಜ್ ತುಂಬಿದೆ. ಹೊರಗೆ ಹೇಗೂ ಕೊರೆಯುವ ಚಳಿ. ಗ್ಯಾರೇಜಿನಲ್ಲಿ ಇಟ್ಟು ಐಸ್ ಬಿಡಿಸಬಹುದಾ?

ಹಾಸನದ ಆಲೂಗಡ್ಡೆ, ಮಿನಿಯಾಪೊಲಿಸ್

ಬೇಡ ತಮ್ಮ. ನಮ್ಮ ಗ್ಯಾರೇಜಿನಲ್ಲಿ ಬೆಳಿಗ್ಗೆ ಒಂದು ಚಳಿ, ಮಧ್ಯಾಹ್ನ ಇನ್ನೊಂದು. ಕಾರು ಬಿಸಿ ಇಂಜಿನ್ ಸಮೇತ ಒಳಗೆ ಬಂದು ನಿಲ್ಲುತ್ತದೆ. ಮಾಂಸ 40 ಡಿಗ್ರಿ ಫ್ಯಾರನ್‌ಹೀಟಿಗಿಂತ ಮೇಲೆ ಹೋದರೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಗ್ಯಾರೇಜಿನಲ್ಲಿ, ಮನೆ ಮುಂದಿನ ಜಗುಲಿಯಲ್ಲಿ ಇಡಬೇಡಿ ಅಂತ ಕೃಷಿ ಇಲಾಖೆಯೇ ಹೇಳುತ್ತದೆ.

ಫ್ರಿಜ್ಜಿನಲ್ಲಿ ಜಾಗವಿಲ್ಲ ಅಂದರೆ ತಣ್ಣೀರು. ಹಕ್ಕಿಯನ್ನು ಪ್ಯಾಕಿಂಗ್ ಸಮೇತ, ನೀರು ಒಳಗೆ ಹೋಗದ ಹಾಗೆ ಚೀಲದಲ್ಲಿ ಹಾಕಿ ಸಿಂಕಿನಲ್ಲಿ ಪೂರ್ತಿ ಮುಳುಗಿಸಿ. ಪೌಂಡಿಗೆ 30 ನಿಮಿಷ. ಅರ್ಧ ಗಂಟೆಗೊಮ್ಮೆ ನೀರು ಬದಲಿಸಲೇಬೇಕು. 12 ಪೌಂಡಿಗೆ 6 ಗಂಟೆ. 20 ಪೌಂಡಿಗೆ 10 ಗಂಟೆ, ಇಡೀ ದಿನ ಸಿಂಕ್ ಕಾಯಬೇಕು. ಇಲ್ಲೂ ಸೈಜೇ ಮುಖ್ಯ ನೋಡಿ. ಹೀಗೆ ಬಿಡಿಸಿದ್ದನ್ನು ಕೂಡಲೇ ಬೇಯಿಸಬೇಕು.

ಮತ್ತೆ, ಟರ್ಕಿಯನ್ನು ಸಿಂಕಿನಲ್ಲಿ ತೊಳೆಯಬೇಡಿ. ಮಾಂಸ ತೊಳೆಯದೆ ಒಲೆಗೆ ಇಡುವುದು ನಮಗೆ ಮನಸ್ಸಿಗೆ ಒಗ್ಗುವುದಿಲ್ಲ, ಗೊತ್ತು. ಆದರೆ ಆ ನೀರು ಸಿಡಿದು ಕೌಂಟರ್, ಪಾತ್ರೆ, ಪಕ್ಕದಲ್ಲಿ ಹೆಚ್ಚಿಟ್ಟ ಸೌತೆಕಾಯಿ ಎಲ್ಲಕ್ಕೂ ತಾಗುತ್ತದೆ. ಸಸ್ಯಾಹಾರಿಗಳು ಬರುವ ಮನೆಯಲ್ಲಿ ಅದು ಇನ್ನೂ ಬೇಡ. ಪೇಪರ್ ಟವಲಿನಿಂದ ಒರೆಸಿದರೆ ಸಾಕು. ಸೂಕ್ಷ್ಮಜೀವಿ ಸಾಯುವುದು ಬಿಸಿಯಲ್ಲಿ.

ಭಟ್ಕಳ ಮಲ್ಲಿಗೆ, ನ್ಯೂಜೆರ್ಸಿ

ಹಲಾಲ್ ಬೇಕಾದವರಿಗೆ ಒಂದು ಮಾತು. ಹಲಾಲ್ ಅಂಗಡಿಗಳಲ್ಲಿ ಟರ್ಕಿಯನ್ನು ಮೊದಲೇ ಹೇಳಿಟ್ಟು ತರಿಸಿಕೊಳ್ಳಬೇಕು. ಸೂಪರ್‌ ಮಾರ್ಕೆಟ್ಟಿನ ಹಾಗೆ ಹತ್ತು ಸೈಜ್ ಇರುವುದಿಲ್ಲ. 12 ಕೇಳಿದರೆ 15 ಬರಬಹುದು. ಆಗ ಅಲ್ಲೇ ಕಟುಕರ ಹತ್ತಿರ ತುಂಡು ಮಾಡಿಸಿ. ಎದೆ ಬೇರೆ, ಕಾಲು ತೊಡೆ ಬೇರೆ, ಬೆನ್ನುಮೂಳೆ ಬೇರೆ. ಆ ದಿನಕ್ಕೆ ಎಷ್ಟು ಬೇಕೋ ಅಷ್ಟನ್ನೇ ರೋಸ್ಟ್ ಮಾಡಿ, ಉಳಿದದ್ದು ಹಸಿಯಾಗಿಯೇ ಫ್ರೀಜರಿಗೆ. ಫ್ರೆಶ್ ಹಕ್ಕಿಯಾದರೆ ಮಾತ್ರ ಹೀಗೆ ಮಾಡಿ.

ಅತಿಥಿಗಳಲ್ಲಿ ಮುಸ್ಲಿಮರು ಇದ್ದರೆ ದಯವಿಟ್ಟು ಮೊದಲೇ ಕೇಳಿ. ಹಲಾಲ್ ಅಲ್ಲದ ಹಕ್ಕಿಯಾದರೆ ಅವರೂ ಸಸ್ಯಾಹಾರಿಗಳ ಸಾಲಿಗೆ ಬರುತ್ತಾರೆ, ನಿಮ್ಮ ಪೌಂಡಿನ ಲೆಕ್ಕವೂ ಬದಲಾಗುತ್ತದೆ.

ಕುಡ್ಲದ ಕಡಲು, ಮಿಸಿಸಾಗಾ

ನಮ್ಮ ಕೆನಡಾದಲ್ಲಿ ಥ್ಯಾಂಕ್ಸ್‌ಗಿವಿಂಗ್ ಅಕ್ಟೋಬರಿನ ಎರಡನೇ ಸೋಮವಾರವೇ ಮುಗಿಯಿತು. ಆದರೆ ನಾವು ಮಂಗಳೂರಿನ ಕ್ರೈಸ್ತರು, ಕ್ರಿಸ್‌ಮಸ್ಸಿಗೆ ಮತ್ತೆ ಟರ್ಕಿ ಬೇಕು. ಹಂದಿ ಮಾಂಸ, ಸನ್ನಾ (ಇಡ್ಲಿಯಂಥ ಅಕ್ಕಿ ತಿಂಡಿ) ಹೇಗೂ ಇರುತ್ತದೆ. ಅದಕ್ಕೆ ನಮ್ಮ ಮನೆಯಲ್ಲಿ 12 ಜನಕ್ಕೂ 5 ಕೆಜಿಯ ಮೇಲೆ ಹೋಗುವುದಿಲ್ಲ.

ಹೊಟ್ಟೆಯೊಳಗೆ ಮಸಾಲೆ ತುಂಬುವವರು ಸೈಜ್ ಬಗ್ಗೆ ಇನ್ನೂ ಜಾಗ್ರತೆ ಮಾಡಬೇಕು. ಬ್ರೆಡ್ಡು, ಈರುಳ್ಳಿ, ಒಣದ್ರಾಕ್ಷಿ, ಲಿವರ್ ಏನೇ ತುಂಬಿದರೂ ಅದರ ನಟ್ಟನಡುವೆ ಕೂಡ 165 ಡಿಗ್ರಿ ಫ್ಯಾರನ್‌ಹೀಟ್ ಬರಬೇಕು. ಹಸಿ ಮಾಂಸದ ರಸವೆಲ್ಲ ಅದಕ್ಕೇ ಇಳಿದಿರುತ್ತದೆ. ದೊಡ್ಡ ಹಕ್ಕಿಯಲ್ಲಿ ನಡುವಿನವರೆಗೆ ಬಿಸಿ ಹೋಗುವಷ್ಟರಲ್ಲಿ ಎದೆ ಒಣಗಿ ಹತ್ತಿಯಾಗಿರುತ್ತದೆ. ಕೆಲವರು ಅರ್ಧ ಬೆಂದ ಪಲಾವ್ ತುಂಬುವುದನ್ನು ನೋಡಿದ್ದೇನೆ. ನನ್ನ ಸಲಹೆ, ಪಲಾವನ್ನು ಪಾತ್ರೆಯಲ್ಲೇ ಮಾಡಿ. ಹಕ್ಕಿಯೊಳಗೆ ಎರಡು ಈರುಳ್ಳಿ, ಒಂದು ನಿಂಬೆಹಣ್ಣು, ಬೆಳ್ಳುಳ್ಳಿ ಗಡ್ಡೆ ಇಟ್ಟರೆ ಘಮ ಬರುತ್ತದೆ, ಅವನ್ನು ಯಾರೂ ತಿನ್ನುವುದಿಲ್ಲ.

ಬೆಳಗಾವಿ ಕುಂದಾ, ಹ್ಯೂಸ್ಟನ್

ಎಲ್ಲ ಓದಿದೆ. ಇವರ ಮನೆಗೆ 12 ಸರಿ ಅಂತ ಒಪ್ಪುತ್ತೇನೆ. ನಮ್ಮಲ್ಲಿ ಮಾಂಸ ತಿನ್ನುವವರೇ ಸುಮಾರು 20 ಜನ ಸೇರುತ್ತೇವೆ, ಅದಕ್ಕೇ ದೊಡ್ಡದು ರೂಢಿ. ಎರಡು ಚಿಕ್ಕವು ತರುವುದು ಒಳ್ಳೆಯದೋ ಒಂದು ದೊಡ್ಡದೋ?

ಕೊಡಗಿನ ಕಾಫಿ, ಡೆನ್ವರ್

ಎರಡು ಚಿಕ್ಕವು. ನಾಲ್ಕು ಕಾಲು, ನಾಲ್ಕು ರೆಕ್ಕೆ, ಬೇಗ ಬೇಯುತ್ತವೆ, ಒಂದಕ್ಕೆ ಮಸಾಲೆ ಒಂದಕ್ಕೆ ಬರೀ ಉಪ್ಪು ಮೆಣಸು ಹಾಕಬಹುದು. ಮಕ್ಕಳಿಗೂ ಅನುಕೂಲ. ಎರಡೂ ಒಂದೇ ಓವನ್ನಿನಲ್ಲಿ ಹಿಡಿಯುತ್ತವಾ ಅಂತ ಟ್ರೇ ಇಟ್ಟು ಮೊದಲೇ ಅಳೆದುಕೊಳ್ಳಿ. ನಡುವೆ ಬಿಸಿಗಾಳಿ ಆಡಲು ಜಾಗ ಬೇಕು.

ಟರ್ಕಿಯನ್ನು ಎಣ್ಣೆಯಲ್ಲಿ ಇಡಿಯಾಗಿ ಕರಿಯುವವರು ಟೆಕ್ಸಸ್ ಕಡೆ ಜಾಸ್ತಿ, ಅದಕ್ಕೇ ಹೇಳುತ್ತಿದ್ದೇನೆ. ಅದಕ್ಕೆ 12, 14 ಪೌಂಡಿಗಿಂತ ದೊಡ್ಡದು ಬೇಡ. ಹಕ್ಕಿಯಲ್ಲಿ ಐಸ್ ಒಂದು ಚೂರೂ ಇರಬಾರದು, ಮನೆಯಿಂದ ದೂರ ಬಯಲಿನಲ್ಲೇ ಮಾಡಬೇಕು. ಪಾತ್ರೆಗೆ ಮೊದಲು ಹಕ್ಕಿ ಇಟ್ಟು ನೀರು ಹಾಕಿ ಅಳತೆ ನೋಡಿ, ಅಷ್ಟೇ ಎಣ್ಣೆ ಹಾಕಿ. ಎಣ್ಣೆ ಉಕ್ಕಿ ಬೆಂಕಿಗೆ ಬಿದ್ದು ಪ್ರತಿ ವರ್ಷ ಮನೆಗಳು ಸುಡುತ್ತವೆ.

ರಾಗಿಮುದ್ದೆ, ಡಲ್ಲಾಸ್

ಇವತ್ತು ಸಂಜೆ ಹೋಗಿ ತಂದೆವು. 12.4 ಪೌಂಡ್, ಉಪ್ಪುನೀರು ಸೇರಿಸದ್ದು, ಫ್ರೋಜನ್. ಜೊತೆಗೆ ತೊಡೆಯ ಪ್ಯಾಕ್ ಒಂದು. ಬೇಯಿಸುವುದು ಗುರುವಾರ. ಯಾವತ್ತು ಫ್ರಿಜ್ಜಿಗೆ ಇಳಿಸಲಿ? ಬೆಂದಿದೆ ಅಂತ ಹೇಗೆ ತಿಳಿಯುವುದು? ಪ್ಯಾಕೆಟ್ಟಿನಲ್ಲಿ ಒಂದು ಪ್ಲಾಸ್ಟಿಕ್ ಬಟನ್ ಚುಚ್ಚಿದ್ದಾರೆ, ಬೆಂದಾಗ ಮೇಲೆ ಏಳುತ್ತದಂತೆ.

ಹಾಸನದ ಆಲೂಗಡ್ಡೆ, ಮಿನಿಯಾಪೊಲಿಸ್

ಶನಿವಾರ ರಾತ್ರಿ ಇಳಿಸಿ. ಮಂಗಳವಾರ ರಾತ್ರಿಗೆ ಐಸ್ ಬಿಟ್ಟಿರುತ್ತದೆ, ಆಗ ಉಪ್ಪು ಹಚ್ಚಿ. ಐಸ್ ಬಿಟ್ಟ ಮೇಲೂ ಒಂದೆರಡು ದಿನ ಫ್ರಿಜ್ಜಿನಲ್ಲಿ ಇರಬಹುದು, ತೊಂದರೆ ಇಲ್ಲ. ಅಂಚು ಎತ್ತರ ಇರುವ ಟ್ರೇಯಲ್ಲಿ, ಎಲ್ಲಕ್ಕಿಂತ ಕೆಳಗಿನ ಶೆಲ್ಫಿನಲ್ಲಿಡಿ. ರಸ ಸೋರಿದರೂ ಬೇರೆಯದರ ಮೇಲೆ ಬೀಳಬಾರದು. ಹೊಟ್ಟೆಯೊಳಗೆ ಕೈ ಹಾಕಿ ಆ ಚೀಲ ತೆಗೆಯಿರಿ. ಕತ್ತಿನ ಕಡೆಯ ಚರ್ಮದ ಕೆಳಗೂ ಒಂದು ಇರಬಹುದು, ಅಲ್ಲೂ ನೋಡಿ.

ಬಟನ್ ಒಂದನ್ನೇ ನಂಬಬೇಡಿ. ಒಂದು ಮೀಟ್ ಥರ್ಮಾಮೀಟರ್ ಕೊಳ್ಳಿ. ತೊಡೆ ದೇಹಕ್ಕೆ ಸೇರುವ ಸಂದಿನಲ್ಲಿ ಒಳಮುಖವಾಗಿ ಚುಚ್ಚಿ, ಮೂಳೆಗೆ ತಾಗಬಾರದು. ಮೂಳೆ ತಾಗಿದರೆ ಸುಳ್ಳು ಲೆಕ್ಕ ತೋರಿಸುತ್ತದೆ. ಎದೆಯ ದಪ್ಪ ಜಾಗದಲ್ಲಿ, ರೆಕ್ಕೆಯ ಸಂದಿನಲ್ಲೂ ನೋಡಿ. ಮೂರೂ ಕಡೆ 165 ಬಂದರೆ ಬೆಂದಿದೆ. ಹೊರಗೆ ತೆಗೆದು 20, 30 ನಿಮಿಷ ಸುಮ್ನೆ ಬಿಡಿ. ಆಗಲೇ ಕತ್ತರಿಸಿದರೆ ರಸವೆಲ್ಲ ಹಲಗೆಯ ಮೇಲೆ ಹರಿದುಹೋಗುತ್ತದೆ. ಆ ಅರ್ಧ ಗಂಟೆಯಲ್ಲಿ ಸಸ್ಯಾಹಾರಿಗಳ ಅಡುಗೆಯನ್ನು ಒಲೆಯ ಮೇಲೆ ಬಿಸಿ ಮಾಡಿಕೊಳ್ಳಿ.

ಮಲೆನಾಡ ಮಳೆ, ಸನ್ನಿವೇಲ್

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಕುಡ್ಲದ ಕಡಲು, ಮಿಸಿಸಾಗಾ

ಮಿಕ್ಕಿದ್ದರ ಬಗ್ಗೆ ಯಾರೂ ಹೇಳಲಿಲ್ಲ. ಊಟ ಮುಗಿದು ಮಾತಿಗೆ ಕೂತರೆ ನಾವು ಏಳುವುದಿಲ್ಲ, ಟರ್ಕಿ ಮೇಜಿನ ಮೇಲೇ ಇರುತ್ತದೆ. ಓವನ್ನಿನಿಂದ ತೆಗೆದ 2 ಗಂಟೆಯೊಳಗೆ ಮಾಂಸ ಬಿಡಿಸಿ, ಚಿಕ್ಕ ಚಿಕ್ಕ ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಸೇರಿಸಿ. 3, 4 ದಿನ ಇರುತ್ತದೆ, ಜಾಸ್ತಿ ಇದ್ದರೆ ಫ್ರೀಜರ್. ಎದೆ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ ತೆಂಗಿನತುರಿ, ಬ್ಯಾಡಗಿ ಮೆಣಸು ಹಾಕಿ ಸುಕ್ಕಾ ಮಾಡಿ, ನೀರುದೋಸೆ ಜೊತೆ ಚೆನ್ನಾಗಿರುತ್ತದೆ. ಮೂಳೆಗಳನ್ನು ಎಸೆಯಬೇಡಿ. ಶುಂಠಿ, ಮೆಣಸು, ಕೊತ್ತಂಬರಿ ದಂಟು ಹಾಕಿ ಎರಡು ಮೂರು ಗಂಟೆ ಕುದಿಸಿದರೆ ಚಳಿಗೆ ಒಳ್ಳೆಯ ಸೂಪ್.

ಕಬ್ಬನ್ ಪಾರ್ಕ್, ಬೆಂಗಳೂರು

ನಾನು ಬೆಂಗಳೂರಿನಿಂದ ಓದುತ್ತಿದ್ದೇನೆ. ಕ್ರಿಸ್‌ಮಸ್ಸಿಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆಯಿಂದ ಟರ್ಕಿ ತರೋಣ ಅಂತಿದ್ದೇನೆ. ನಾವು 8 ಜನ, ಎಲ್ಲರೂ ತಿನ್ನುತ್ತೇವೆ. ನಮ್ಮ ಹತ್ತಿರ ಇರುವುದು ಒಟಿಜಿ, ಅಂದರೆ ಮೇಜಿನ ಮೇಲಿಡುವ ಚಿಕ್ಕ ಓವನ್. ಎಷ್ಟು ಕೆಜಿ ಹೇಳಲಿ?

ಕೊಡಗಿನ ಕಾಫಿ, ಡೆನ್ವರ್

ತಲೆಗೆ ಅರ್ಧ ಕೆಜಿ ಅಂದರೆ ಕ್ಲೀನ್ ಮಾಡಿದ ಹಕ್ಕಿ 4 ಕೆಜಿ ಬೇಕು. ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಒಂದೇ: ಹೇಳುತ್ತಿರುವುದು ಜೀವಂತ ತೂಕವೋ, ಕ್ಲೀನ್ ಮಾಡಿದ ಮೇಲಿನ ತೂಕವೋ? ಗರಿ, ತಲೆ, ಕಾಲಿನ ಪಂಜ, ಕರುಳು ಹೋದರೆ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಜೀವಂತ ತೂಕದ ಲೆಕ್ಕವಾದರೆ ಐದೂವರೆ ಕೆಜಿಯದ್ದು ಹೇಳಿ.

ಹೋಗುವ ಮೊದಲು ಒಟಿಜಿ ಒಳಗೆ ಟೇಪ್ ಹಿಡಿದು ಅಳೆಯಿರಿ. ಕೆಳಗಿನ ರ್‍ಯಾಕಿನಿಂದ ಮೇಲಿನ ರಾಡಿನವರೆಗೆ ಎಷ್ಟು ಎತ್ತರ ಇದೆ ನೋಡಿ. ಹಕ್ಕಿ ಇಟ್ಟ ಮೇಲೂ ರಾಡಿಗೆ ಎರಡು ಇಂಚು ಜಾಗ ಉಳಿಯಬೇಕು, ಇಲ್ಲದಿದ್ದರೆ ಮೇಲೆ ಸುಟ್ಟು ಒಳಗೆ ಹಸಿ ಇರುತ್ತದೆ. ಹಿಡಿಯುವುದಿಲ್ಲ ಅನ್ನಿಸಿದರೆ ಅಂಗಡಿಯಲ್ಲೇ ಕಾಲುಗಳನ್ನು ಬೇರೆ ಮಾಡಿಸಿ, ಎದೆಯನ್ನು ಮೂಳೆ ಸಮೇತ ಒಂದೇ ಪೀಸಾಗಿ ಬಿಡಿಸಿ. ಮೊದಲು ಎದೆಯನ್ನು ಒಟಿಜಿಯಲ್ಲಿ ಮಾಡಿ, ಆ ಹೊತ್ತಿಗೆ ಕಾಲುಗಳು ಕುಕ್ಕರಿನಲ್ಲಿ ಬೇಯಲಿ. ಎದೆ ಹೊರಗೆ ಬಂದ ಮೇಲೆ ಕಾಲುಗಳನ್ನು ಹತ್ತು ಹದಿನೈದು ನಿಮಿಷ ಒಟಿಜಿಗೆ ಹಾಕಿದರೆ ಚರ್ಮ ಗರಿಗರಿಯಾಗುತ್ತದೆ. ಕುಕ್ಕರಿನ ನೀರನ್ನು ಚೆಲ್ಲಬೇಡಿ, ಗ್ರೇವಿಗೆ ಅದೇ ಬೇಕು.